ಹನ್ನೆರಡು ಹೆಸರುಗಳ ಕೂಗು

ಲೆಪೆಕಾಳನ್ನು ಆಕ್ಲೆಂಡಿನ ವಿಶ್ವವಿದ್ಯಾಲಯದವರು ಕೆಲಸಕ್ಕೆ ತೆಗೆದುಕೊಂಡದ್ದು ಪಾಠ ಹೇಳುವುದಕ್ಕೆ. ಮಾಡಿಸಿಕೊಂಡದ್ದು ಮಾತ್ರ ಹೂಮಾಲೆ ಕಟ್ಟುವ ಕೆಲಸ. ಒಂದಲ್ಲ ಎರಡಲ್ಲ, ಹನ್ನೊಂದು ವರ್ಷ. ಯಾವ ದೇಶದ ಮಂತ್ರಿ ಬರಲಿ, ಯಾವ ಊರಿನ ಕುಲಪತಿ ಬರಲಿ, ಮೂರನೆಯ ಮಹಡಿಯ ಅವಳ ಕೋಣೆಯೊಳಗೆ ಯಾರಾದರೊಬ್ಬರು ತಲೆ ಹಾಕಿ, "ನಾಳೆ ಒಂದು ಪ್ರಾರ್ಥನೆ ಹೇಳ್ಬಿಡ್ತೀಯಾ?" ಎನ್ನುತ್ತಿದ್ದರು. ಪ್ರಾರ್ಥನೆ ಎಂದರೆ ಬರೀ ಪ್ರಾರ್ಥನೆಯಲ್ಲ. ಮಾಲೆ ಇವಳೇ ತರಬೇಕು, ಹಾಡುವುದಕ್ಕೆ ಹುಡುಗಿಯರನ್ನು ಇವಳೇ ಹೊಂದಿಸಬೇಕು, ಮಾಂಗೆರೆಯ ಚರ್ಚಿನ ಹೆಂಗಸರ ಕೈಕಾಲು ಹಿಡಿದು ಕೆಸುವಿನ ಗೆಡ್ಡೆ ಬೇಯಿಸಿ ತರಿಸಬೇಕು, ಎಲ್ಲ ಮುಗಿದ ಮೇಲೆ ಎಣ್ಣೆ ಹತ್ತಿದ ಪಾತ್ರೆಗಳನ್ನು ಲಿಫ್ಟಿನಲ್ಲಿ ಇಳಿಸಿ ತನ್ನ ಹಳೆಯ ವ್ಯಾನಿಗೆ ಹೇರಬೇಕು. ಅವಳ ಜೊತೆಯಲ್ಲೇ ಸೇರಿದ ಪಾಲಂಗಿಗಳು, ಅಂದರೆ ಬಿಳಿಯರು, ಅಷ್ಟು ಹೊತ್ತಿಗೆ ಲೇಖನ ಬರೆದು ಬರೆದು ಒಬ್ಬೊಬ್ಬರಾಗಿ ಮೇಲೆ ಹೋದರು. ಇವಳ ಕೆಲಸ ವರ್ಷಕ್ಕೊಮ್ಮೆ ಕಾಗದದ ಮೇಲೆ ಹೊಸದಾಗಿ, ಮತ್ತೆ ಇದ್ದಲ್ಲೇ ಉಳಿಯುತ್ತಿತ್ತು. ಮುಂದಿನ ವರ್ಷ ಖಾಯಂ, ಮುಂದಿನ ವರ್ಷ ಖಾಯಂ ಎಂದು ಮೂಗಿಗೆ ತುಪ್ಪ ಸವರುತ್ತಲೇ ಬಂದಿದ್ದರು.

ಸವರುವವರು ವಿಭಾಗದ ಮುಖ್ಯಸ್ಥೆ ಪ್ರೊಫೆಸರ್ ಮೇರಿಯನ್ ಹಾಲ್‌ಬ್ರೂಕ್. ಅರವತ್ತು ದಾಟಿದವರು. ಬೆಳ್ಳಿಗೂದಲು, ಮೆಲುದನಿ, ಕೊರಳಲ್ಲಿ ಸದಾ ಒಂದು ಚಿಪ್ಪಿನ ಹಾರ. ಲೆಪೆಕಾ ಎಂಬ ಮೂರಕ್ಷರ ನಾಲಿಗೆಗೆ ಭಾರವೆನಿಸಿ ಮೊದಲ ವಾರವೇ ಅದನ್ನು 'ಬೆಕಿ' ಮಾಡಿಕೊಂಡಿದ್ದರು. ಸಮೋವಾದಂಥ ದ್ವೀಪಗಳ ಜನರ ಬಗ್ಗೆ ಅವರಷ್ಟು ಪ್ರೀತಿಯಿಂದ ಮಾತಾಡುವವರು ಆ ಊರಲ್ಲೇ ಇರಲಿಲ್ಲ. ಆ ಪ್ರೀತಿಯ ಮೇಲೆಯೇ ಎರಡು ಪ್ರಶಸ್ತಿಯನ್ನೂ ಸಮುದ್ರದ ಕಡೆ ಕಿಟಕಿಯಿರುವ ಮೂಲೆಯ ಕೋಣೆಯನ್ನೂ ಸಂಪಾದಿಸಿದ್ದರು.

ಆ ಮೂರನೆಯ ಮಹಡಿಗೆ ಲೆಪೆಕಾಗಿಂತ ಎಷ್ಟೋ ಮೊದಲು ಕಾಲಿಟ್ಟವಳು ಅವಳ ತಾಯಿ ಅಕೆನೆಸೆ. ಸಮೋವಾದ ಸಫೊತು ಎಂಬ ಊರಿನಿಂದ ಆಕ್ಲೆಂಡಿಗೆ ಬಂದಿಳಿದ ಮೂರನೆಯ ವಾರಕ್ಕೇ ಅವಳ ಕೈಗೆ ಪೊರಕೆ ಬಂತು. ನಸುಕಿನ ಬಸ್ಸು, ನೀಲಿ ಏಪ್ರನ್, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಓದಿದವರು ಬರುವಷ್ಟರಲ್ಲಿ ನೆಲ ಒಣಗಿರಬೇಕು, ಒರೆಸಿದವಳು ಕಣ್ಣಿಗೆ ಬೀಳಬಾರದು, ಅದು ಅಲ್ಲಿಯ ಕ್ರಮ. ಆ ಕಟ್ಟಡಗಳನ್ನು ಇಪ್ಪತ್ತೆರಡು ವರ್ಷ ಗುಡಿಸಿದಳು. ಮಗಳು ಅದೇ ಮಹಡಿಯಲ್ಲಿ ಬಾಗಿಲಿಗೆ ಹೆಸರಿನ ಹಲಗೆ ಹಾಕಿಸಿಕೊಂಡ ದಿನ ಬಂದು ನೋಡಿ, ಆ ಹಲಗೆಯ ನೆತ್ತಿಯ ಮೇಲೆ ಬೆರಳಾಡಿಸಿ, "ಧೂಳು ಹಾಗೇ ಇದೆ. ಈಗಿನೋರು ಮೇಲ್ಗಡೆ ಒರೆಸೋದೇ ಇಲ್ಲ" ಎಂದಿದ್ದಳು.

ಲೆಪೆಕಾ ಬರೆಯಬೇಕೆಂದು ಹಟ ಹಿಡಿದದ್ದು ಈ ಹೆಂಗಸರ ಬಗ್ಗೆಯೇ. ಆರು ವರ್ಷ, ಶನಿವಾರ ಮಧ್ಯಾಹ್ನಗಳಲ್ಲಿ, ಹನ್ನೆರಡು ಜನರ ಅಡುಗೆಮನೆಗಳಲ್ಲಿ ಕೂತು, ಕೋಕೋ ಕುಡಿಯುತ್ತ, ಅವರ ಬದುಕನ್ನು ಅವರ ಬಾಯಿಂದಲೇ ಕೇಳಿ ಧ್ವನಿಮುದ್ರಿಸಿಕೊಂಡಳು. ನಿಯಮದ ಪ್ರಕಾರ, "ನಿಮ್ಮ ಹೆಸರು ಮುಚ್ಚಿಡ್ತೀನಿ" ಎಂದಳು. ಹನ್ನೆರಡು ಜನವೂ ರೇಗಿದರು.

"ನಾನೇನು ಕದ್ದಿದೀನೇನೇ ಹೆಸರು ಮುಚ್ಚಿಡೋಕೆ?" ಎಂದಳು ಚಿಕ್ಕಮ್ಮ ತಿರೆಸಾ. ಅವಳು ಅಕೆನೆಸೆಯ ತಂಗಿ. ಈಗಲೂ ಅಲ್ಲೇ ಗುಡಿಸುವವರ ಮೇಸ್ತ್ರಿ. "ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ಹಾಗೆ ಕೆಲ್ಸ ಮಾಡಿದ್ದು ಸಾಲದಾ? ಪುಸ್ತಕದಲ್ಲೂ ನಮ್ಮನ್ನ ಬಾಗಿಲ ಹಿಂದೆ ನಿಲ್ಲಿಸ್ತೀಯಾ?"

ಅದಕ್ಕೇ ಲೆಪೆಕಾ ಇನ್ನೊಂದು ಕಾಗದ ಮಾಡಿಸಿದಳು: ನನ್ನ ಹೆಸರು ಇರಬೇಕು ಎಂದು. ಹನ್ನೆರಡು ಸಹಿ ಬಿದ್ದವು. ಮೆಲೆ ಎಂಬವಳು ಆಸ್ಪತ್ರೆಯ ಹಾಸಿಗೆಯಲ್ಲೇ ಸಹಿ ಹಾಕಿ, "ನಾನಂತೂ ನೋಡಲ್ಲ ಬಿಡು. ನನ್ನ ಮೊಮ್ಮಕ್ಕಳು ನೋಡ್ಲಿ. ದಪ್ಪ ಅಕ್ಷರದಲ್ಲಿ ಹಾಕ್ಸು" ಎಂದಳು. ಲೆಪೆಕಾ ಅವಳ ಕೈ ಹಿಡಿದು ಮಾತು ಕೊಟ್ಟಳು. ಆ ತಿಂಗಳೇ ಮೆಲೆ ಹೋಗಿಬಿಟ್ಟಳು.

ಆ ಹನ್ನೆರಡರಲ್ಲಿ ಕೊನೆಗೆ ಕೇಳಿದ್ದು ತನ್ನ ತಾಯಿಯ ಕತೆ. ಅಕೆನೆಸೆ ಬಟ್ಟೆ ಮಡಿಸುತ್ತಲೇ ಹೇಳಿದಳು. ಮೂರನೆಯ ಮಹಡಿಯಲ್ಲಿ ಯಾರೋ ಮೇಡಮ್ಮಿನ ಕೈಗಡಿಯಾರ ಕಾಣೆಯಾಯಿತು. ಇವಳ ಚೀಲ ಮಗುಚಿ ನೋಡಿದರು, ಏಪ್ರನ್ ಬಿಚ್ಚಿಸಿ ಝಾಡಿಸಿದರು. ಮೇಸ್ತ್ರಿ ಮಾಡುತ್ತೇವೆ ಎಂದಿದ್ದವರು ನೆಲಮಾಳಿಗೆಗೆ ತಳ್ಳಿದರು. ಹತ್ತು ದಿನ ಕಳೆದ ಮೇಲೆ ಅದೇ ಗಡಿಯಾರ ಅದೇ ಮೇಡಮ್ಮಿನ ಕೈಮೇಲೆ ಹೊಳೆಯುತ್ತಿತ್ತು. ಮರುದಿನ ನೆಲಮಾಳಿಗೆಯಲ್ಲಿ, ಕಸದ ಬುಟ್ಟಿಯ ಪಕ್ಕ, ಒಂದು ಡಬ್ಬಿ ಚಾಕೊಲೇಟ್. ಮೇಲೊಂದು ಚೀಟಿ: 'ತುಂಬಾ ಥ್ಯಾಂಕ್ಸ್.' ಹೆಸರಿಲ್ಲ.

ಲೆಪೆಕಾ ಧ್ವನಿಮುದ್ರಣ ನಿಲ್ಲಿಸಿಬಿಟ್ಟಳು. ಆ ಚಾಕೊಲೇಟ್ ಅವಳಿಗೆ ನೆನಪಿತ್ತು. ಒಂಬತ್ತು ವರ್ಷದವಳಿದ್ದಾಗ ಡಬ್ಬಿಯ ಮುಕ್ಕಾಲು ಪಾಲು ತಾನೇ ತಿಂದು, "ಅಮ್ಮಾ, ಇದು ಇನ್ನೊಂದ್ಸಲ ಯಾವಾಗ ಕೊಡ್ತಾರೆ?" ಎಂದು ವಾರವೆಲ್ಲ ಪೀಡಿಸಿದ್ದಳು.

"ಯಾರಮ್ಮ ಅವಳು?"

"ಹೋಗ್ಲಿ ಬಿಡು. ಹೆಸರು ನಂಗೆಲ್ಲಿ ಗೊತ್ತು, ಮುಖ ನೆನಪಿದೆ ಅಷ್ಟೇ."

ಅವರ ಊರಿನಲ್ಲಿ ತಪ್ಪು ಮಾಡಿದವರು ಹಾಡುಹಗಲೇ, ಎಲ್ಲರ ಎದುರಿಗೆ, ನೊಂದವರ ಮನೆಯಂಗಳಕ್ಕೆ ಬಂದು ತಲೆಯ ಮೇಲೆ ಚಾಪೆ ಹೊದ್ದು ಕೂರಬೇಕು. ಕಸದ ಬುಟ್ಟಿಯ ಪಕ್ಕ ಡಬ್ಬಿಯಿಟ್ಟು ಓಡಿಹೋಗುವುದಕ್ಕೆ ಅವರ ಭಾಷೆಯಲ್ಲಿ ಕ್ಷಮೆ ಎಂಬ ಹೆಸರಿಲ್ಲ.

ಇನ್ನು ಮೇರಿಯನ್. "ನಿಂದು ಕೇಳಿದ್ದು, ನಂದು ಅನುಭವ. ಇಬ್ಬರೂ ಸೇರಿ ಪುಸ್ತಕ ಮಾಡೋಣ ಬೆಕಿ" ಎಂದಿದ್ದರು. ಲೆಪೆಕಾ ಧ್ವನಿಮುದ್ರಣ, ಅನುವಾದ, ಬರೆದ ಅಧ್ಯಾಯಗಳು, ಸಹಿಯ ಕಾಗದಗಳು ಎಲ್ಲವನ್ನೂ ಕೊಟ್ಟಳು. ದೊಡ್ಡವರು ಕೇಳಿದಾಗ ಇದ್ದದ್ದನ್ನು ಎರಡೂ ಕೈಯಿಂದ ಕೊಡಬೇಕೆಂದು ಬೆಳೆದವಳು. ಪಾಲಂಗಿಗಳಾದರೆ ಒಂದು ಪ್ರತಿಯನ್ನು ಮೊದಲು ವಕೀಲರಿಗೆ ತೋರಿಸುತ್ತಿದ್ದರು.

ಎರಡು ವರ್ಷದ ಮೇಲೆ ಪುಸ್ತಕ ಬಂತು. ಮುಖಪುಟದಲ್ಲಿ ಒಂದೇ ಹೆಸರು, ಮೇರಿಯನ್ ಹಾಲ್‌ಬ್ರೂಕ್. ಎರಡನೆಯ ಪುಟದ ಕೃತಜ್ಞತೆಯಲ್ಲಿ, ಪ್ರೊಫೆಸರರ ಬೆಕ್ಕನ್ನು ನೋಡಿಕೊಂಡ ನೆರೆಮನೆಯವರ ಹೆಸರಾದ ಮೇಲೆ, 'ಆತಿಥ್ಯಕ್ಕೂ ಅನುವಾದದ ನೆರವಿಗೂ ಪ್ರೀತಿಯ ಬೆಕಿಗೆ' ಎಂದಿತ್ತು. ಹನ್ನೆರಡು ಹೆಂಗಸರು 'ಮಾಹಿತಿದಾರೆ ಒಂದು' ಎಂಬುದರಿಂದ 'ಮಾಹಿತಿದಾರೆ ಹನ್ನೆರಡು' ಆಗಿದ್ದರು. ದಪ್ಪಕ್ಷರ ಕೇಳಿದ್ದ ಮೆಲೆ ಮೂರನೆಯ ನಂಬರಾಗಿದ್ದಳು.

ಆ ಸಂಜೆ ಲೆಪೆಕಾ ಪುಸ್ತಕವನ್ನು ಅಡುಗೆಮನೆಯ ಮೇಜಿನ ಮೇಲೆ ಎಸೆದು ಗಳಗಳ ಅತ್ತಳು. ಅಕೆನೆಸೆ ಕನ್ನಡಕ ಹಾಕಿಕೊಂಡು ಪುಸ್ತಕವನ್ನು ತಿರುವಿದಳು. ಹಿಂಬದಿಯಲ್ಲಿ ಪ್ರೊಫೆಸರರ ಎರಡು ಭಾವಚಿತ್ರ: ಒಂದು ಈಗಿನದು, ಇನ್ನೊಂದು ಮೊದಲು ಕೆಲಸಕ್ಕೆ ಸೇರಿದಾಗಿನದು. ಮಗಳ ಬಾಯಲ್ಲಿ ಹೆಸರು ಕೇಳಿದ್ದಳೇ ಹೊರತು, ಮಗಳು ಕೆಲಸಕ್ಕೆ ಸೇರಿದ ಮೇಲೆ ಈ ಮುಖವನ್ನು ಅವಳು ನೋಡಿರಲಿಲ್ಲ. ಅಕೆನೆಸೆ ಎರಡನೆಯದರ ಮೇಲೆ ಹೆಬ್ಬೆರಳಿಟ್ಟಳು.

"ಗಡಿಯಾರದೋಳು" ಎಂದಳು.

"ಏನಮ್ಮ?"

"ಇವಳೇ ಕಣೇ. ಆಗ ಕೂದಲು ಕೆಂಪಗಿತ್ತು." ಪುಸ್ತಕವನ್ನು ಬೋರಲು ಹಾಕಿ, ಅದರ ಮೇಲೆ ಬಿಸಿ ಪಾತ್ರೆ ಇಟ್ಟಳು. "ನನ್ನ ಮಾತು ಅದ್ರಲ್ಲಿದ್ಯಾ?"

"ಇದೆ. ಒಂದು ಅಧ್ಯಾಯ ಪೂರ್ತಿ."

"ನನ್ನ ಹೆಸರು?"

ಲೆಪೆಕಾ ಇಲ್ಲವೆಂದು ತಲೆಯಾಡಿಸಿದಳು. ಆ ಮೇಡಮ್ಮು ಗಡಿಯಾರದ ಕತೆಯನ್ನು ಎರಡು ವರ್ಷ ತಿದ್ದಿ ತೀಡಿ, ಅದರ ಕೆಳಗೆ 'ಅಧಿಕಾರದ ಕ್ರೌರ್ಯ' ಎಂದು ಟಿಪ್ಪಣಿ ಬೇರೆ ಬರೆದಿದ್ದಳು. ಆ ಕ್ರೂರಿ ತಾನೇ ಎಂದು ಅವಳಿಗೆ ನೆನಪಾಗಿರಲಿಲ್ಲ. ಅಷ್ಟು ಸಣ್ಣ ವಿಷಯ ಅದು, ಅವಳ ಪಾಲಿಗೆ. ಹೌದು, ಇನ್ನು ಮೇಲೆ ಅವಳಿಗೆ ಬಹುವಚನ ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಮರುದಿನ ಲೆಪೆಕಾ ಮೂಲೆಯ ಕೋಣೆಗೆ ಹೋದಳು. ಗಡಿಯಾರದ ಮಾತೆತ್ತಲಿಲ್ಲ. ಎತ್ತಿದ್ದರೆ ದನಿ ಒಡೆಯುತ್ತಿತ್ತು.

"ಅವರೆಲ್ಲ ಹೆಸರು ಬೇಕು ಅಂತ ಸಹಿ ಹಾಕಿದ್ರು ಮೇರಿಯನ್. ಕಾಗದ ನಿಮ್ಮ ಹತ್ರಾನೇ ಇದೆ."

"ಪಾಪ, ಅವರಿಗೆ ಅದರ ಪರಿಣಾಮ ಏನೂಂತ ಗೊತ್ತಿರಲ್ಲ ಬೆಕಿ. ನಾವು ಅವರನ್ನ ಕಾಪಾಡ್ಬೇಕು."

"ನನ್ನ ಹೆಸರು? ನನ್ನನ್ನೂ ಕಾಪಾಡಿದ್ರಾ?"

ಮೇರಿಯನ್ ನಕ್ಕು ಅವಳ ತೋಳು ತಟ್ಟಿದಳು. "ಎರಡನೇ ಪುಟದಲ್ಲೇ ಇದೀಯಲ್ಲ! ನೋಡು, ಬರೋ ಶುಕ್ರವಾರ ಬಿಡುಗಡೆ. ಕುಲಪತಿ ಬರ್ತಾರೆ, ಹೊರದೇಶದೋರು ಬರ್ತಾರೆ. ಕ್ಯಾಂಪಸ್ಸಿನ ನಮ್ಮ ಫಲೆ ಮಂಟಪದಲ್ಲೇ ಮಾಡೋಣ. ಯಾರು ಏನು ಕೊಡುಗೆ ತಂದ್ರು ಅಂತ ಕೂಗೋದೂ ಇರ್ಲಿ, ಪೂರ್ತಿ ಶಾಸ್ತ್ರ. ಏನೂ ಮೊಟಕು ಮಾಡ್ಬೇಡ. ಆ ಹೆಂಗಸರನ್ನೂ ಕರಿ, ಬಣ್ಣಬಣ್ಣದ ಬಟ್ಟೆ ಹಾಕ್ಕೊಂಡು ಬರ್ಲಿ. ಸೋಮವಾರ ನಿನ್ನ ಖಾಯಂ ಸಮಿತಿ ಕೂರುತ್ತೆ. ನಾನೇ ಅಧ್ಯಕ್ಷೆ. ಗೊತ್ತಲ್ಲ?"

ಗೊತ್ತಿತ್ತು. ಹನ್ನೊಂದು ವರ್ಷದಿಂದ ಕಾದ ಕೆಲಸ, ಸೋಮವಾರಕ್ಕೆ. ಲೆಪೆಕಾ ಹಲ್ಲು ಕಚ್ಚಿಕೊಂಡು ಹೊರಬಂದು, ನೇರ ದೂರಿನ ಕಚೇರಿಗೆ ಹೋದಳು. ಅಲ್ಲಿನ ತೆಳ್ಳನೆಯ ಗಂಡಸು ಅವಳಿಗೆ ನೀರು ಕೊಟ್ಟು, ಮೂರು ಅರ್ಜಿ ಕೊಟ್ಟು, "ಪರಿಶೀಲಿಸ್ತೀವಿ. ಆರು ತಿಂಗಳಾಗಬಹುದು, ಒಂಬತ್ತೂ ಆಗಬಹುದು. ಮೊದಲ ಹೆಜ್ಜೆ ನಿಮ್ಮ ವಿಭಾಗದ ಮುಖ್ಯಸ್ಥರ ಸಹಿ" ಎಂದನು. ಮುಖ್ಯಸ್ಥೆ ಯಾರೆಂದು ಇವಳು ಹೇಳಿದಾಗ ಅವನು ಇನ್ನೊಂದು ಲೋಟ ನೀರು ಕೊಟ್ಟನು.

ಅಂದು ಮನೆಯಲ್ಲಿ ತಿರೆಸಾ ಬಂದು ಕೂತಿದ್ದಳು. ಕತೆ ಕೇಳುತ್ತ ಕೇಳುತ್ತ ಅವಳ ಮೂಗಿನ ಹೊಳ್ಳೆ ಅರಳಿದವು.

"ಕುರ್ಚಿ ಎತ್ತಿ ತಲೆಗೆ ಹಾಕ್ಬೇಕಿತ್ತು. ನೀರು ಕುಡ್ಕೊಂಡು ಬಂದ್ಯಾ?"

"ಏನ್ ಮಾಡ್ಲಿ ಚಿಕ್ಕಮ್ಮ? ಕಾಗದದ ಮೇಲೆ ಎಲ್ಲಾ ಅವಳದೇ."

"ಕಾಗದದ ಮೇಲೆ ಅವಳದು. ಬಾಯಿ ಯಾರದು? ಹೋದ ವರ್ಷ ಊರಿಗೆ ಹೋಗಿ ಬಿರುದು ತಗೊಂಡು ಬಂದ್ಯಲ್ಲ, ಅದೇನು ಉಪ್ಪಿನಕಾಯಿ ಹಾಕೋಕಾ?"

ಆ ಮಾತು ನಾಟಿತು. ದೊಡ್ಡಮಾವ ತೀರಿಕೊಂಡ ಮೇಲೆ ಸಫೊತುವಿನಲ್ಲಿ ಮನೆತನವೆಲ್ಲ ಕೂಡಿ, ಗಂಡಸರನ್ನೂ ಬದಿಗಿಟ್ಟು, ತುಲಾಫಲೆಯ ಬಿರುದನ್ನು ಲೆಪೆಕಾಗೆ ಕೊಟ್ಟಿತ್ತು. ಸಭೆಯಲ್ಲಿ ಎದ್ದು ಮನೆತನದ ಪರವಾಗಿ ಮಾತಾಡುವ ಹಕ್ಕು ಅದು. ವಿಶ್ವವಿದ್ಯಾಲಯ ಆ ಎರಡು ವಾರವನ್ನು ಅವಳ ಪ್ರವಾಸದ ರಜೆ ಎಂದು ಬರೆದುಕೊಂಡಿತ್ತು.

"ಬೇಡ ಕಣೇ" ಎಂದಳು ಅಕೆನೆಸೆ, ತಟ್ಟೆ ಒರೆಸುತ್ತ. "ಸೋಮವಾರ ಕೆಲ್ಸ ಸಿಗುತ್ತೆ. ಅನ್ನಕ್ಕೆ ದಾರಿ ಆಗುತ್ತೆ. ನಂದೇನು, ಮುದುಕಿ. ನನಗೆ ಎಲ್ಲಾ ಮರೆತುಹೋಗಿದೆ."

ತಿರೆಸಾ ಅಕ್ಕನ ಮುಖ ನೋಡಿ ಹುಬ್ಬೇರಿಸಿದಳು, ಅಷ್ಟೇ.

ಲೆಪೆಕಾ ಆ ಪುಸ್ತಕ ತೆಗೆದು ಐದನೆಯ ಅಧ್ಯಾಯ ಬಿಡಿಸಿದಳು. ಕೊಡುಗೆ ಕೂಗುವ ಶಾಸ್ತ್ರದ ಬಗ್ಗೆ ಇಪ್ಪತ್ತು ಪುಟ. ಅದನ್ನೂ ಇವಳೇ ಬರೆದದ್ದು. ಒಂದು ಅಲ್ಪವಿರಾಮವನ್ನೂ ಮುಟ್ಟದೆ ಮೇಡಮ್ಮು ಇಳಿಸಿಕೊಂಡಿದ್ದಳು. 'ಬಂದ ಕೊಡುಗೆಯನ್ನೆಲ್ಲ, ತಂದವರ ಹೆಸರು ಊರು ಸಮೇತ, ನೆರೆದವರ ಕಿವಿಗೆ ಬೀಳುವಂತೆ ಕೂಗಬೇಕು. ಒಂದನ್ನೂ ಬಿಡುವಂತಿಲ್ಲ. ಕೂಗದೆ ಒಳಗಿಟ್ಟುಕೊಂಡದ್ದು ಕೊಡುಗೆಯಲ್ಲ, ಕಳವು. ಕೂಗುವವರನ್ನು ರಾಜನೂ ನಡುವೆ ತಡೆಯಬಾರದು.' ಆ ಸಾಲುಗಳನ್ನು ಓದುತ್ತ ಲೆಪೆಕಾಳ ಕಣ್ಣೀರು ಆರಿತು. ಎರಡು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಶುಕ್ರವಾರ ಮಧ್ಯಾಹ್ನ ಫಲೆ ತುಂಬಿತು. ಅದು ಕ್ಯಾಂಪಸ್ಸಿನ ನಡುವೆ ದ್ವೀಪದವರ ಮನೆಯ ಹಾಗೆ ಕಟ್ಟಿಸಿದ ದೊಡ್ಡ ಕಂಬದ ಮಂಟಪ. ಒಂದು ಕಡೆ ಕುಲಪತಿ, ಡೀನ್, ಹೊರದೇಶದ ನಾಲ್ಕಾರು ವಿದ್ವಾಂಸರು, ನಡುವೆ ಮೇರಿಯನ್. ಎಲ್ಲರ ಕೊರಳಲ್ಲೂ ಲೆಪೆಕಾ ಕಟ್ಟಿದ ಮಾಲೆ. ಎದುರಿಗೆ ಚಾಪೆಯ ಮೇಲೆ ಹನ್ನೊಂದು ಹೆಂಗಸರು, ಮೆಲೆಯ ಬದಲು ಅವಳ ಮೊಮ್ಮಗಳು, ಚರ್ಚಿನವರು. ಅಕೆನೆಸೆ ಮೊದಲ ಸಾಲಿನಲ್ಲಿ ಬಿಳಿಯುಡುಪಿನಲ್ಲಿ ಕೂತಿದ್ದಳು. ಅವಳ ಮುಂದೆಯೇ ಹಾದುಹೋದ ಮೇರಿಯನ್ ಬಗ್ಗಿ, "ಎಷ್ಟು ಚೆನ್ನಾಗಿದೀರಾ!" ಎಂದು ಕೈ ಕುಲುಕಿದಳು. ಗುರುತು ಹತ್ತಲಿಲ್ಲ. ಅಕೆನೆಸೆ ಆ ಕೈಯನ್ನು ಹಿಡಿದು, ಮಣಿಕಟ್ಟನ್ನು ಒಮ್ಮೆ ನೋಡಿ ಬಿಟ್ಟಳು.

ಪ್ರಾರ್ಥನೆಯಾಯಿತು, ಹಾಡಾಯಿತು. ಲೆಪೆಕಾ ಮಾತುಗಾರರ ಉದ್ದನೆಯ ಕೋಲು ಹಿಡಿದು, ನಾರಿನ ಚೌರಿ ಹೆಗಲಿಗೆ ಹಾಕಿಕೊಂಡು ಮಂಟಪದ ಬಾಯಿಗೆ ಬಂದಳು. ಕೂಗು ಶುರುವಾಯಿತು. ಒಮ್ಮೆ ಸಮೋವಾದ ಭಾಷೆಯಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ.

"ಸುಟ್ಟ ಹಂದಿ ಒಂದು! ತಂದವರು ಮಾಂಗೆರೆಯ ಚರ್ಚಿನೋರು!"

"ಮಾಲೊ!" ಎಂದಿತು ಸಭೆ, ಭಲೇ ಎನ್ನುವ ಹಾಗೆ. ಕುಲಪತಿಗೆ ಮೊದಲೇ ಹೇಳಿಕೊಟ್ಟಿದ್ದರಿಂದ ಅವರೂ ಖುಷಿಯಾಗಿ "ಮಾಲೊ!" ಎಂದರು.

"ನುಣುಪು ಚಾಪೆ ಎರಡು! ತಂದವರು ಓತಾರಾದ ಹೆಂಗಸರು!"

"ಮಾಲೊ!"

ಮೇರಿಯನ್ ಪಕ್ಕದ ವಿದ್ವಾಂಸನ ಕಿವಿಯಲ್ಲಿ ಏನೋ ವಿವರಿಸುತ್ತಿದ್ದಳು. ಮುಖ ಅರಳಿತ್ತು. ಹೀಗೆ ಎಲ್ಲ ಮುಗಿಯಿತು ಎನ್ನುವಾಗ ಲೆಪೆಕಾ ಮೇಜಿನ ಮೇಲಿದ್ದ ಪುಸ್ತಕವನ್ನು ಎತ್ತಿ ತಲೆಯ ಮೇಲಕ್ಕೆ ಹಿಡಿದಳು.

"ಇನ್ನೊಂದು ಕೊಡುಗೆ ಉಳಿದಿದೆ. ಪ್ರೊಫೆಸರ್ ಮೇರಿಯನ್ ಹಾಲ್‌ಬ್ರೂಕ್ ಅವರಿಗೆ ಬಂದದ್ದು. ಇಷ್ಟು ದಿನ ಯಾರೂ ಕೂಗಿರಲಿಲ್ಲ. ಒಂದನೇ ಅಧ್ಯಾಯ, ಮೂವತ್ತೊಂದು ಪುಟ! ಗಂಡ ಸತ್ತ ವಾರವೇ ಕೆಲಸಕ್ಕೆ ಬಂದ ಕತೆ. ತಂದವರು ಸಫೊತುವಿನ ತಿರೆಸಾ!"

ತಿರೆಸಾ ಎದ್ದು ನಿಂತಳು.

"ಮಾಲೊ!" ಎಂದಿತು ಚಾಪೆ. ಕುಲಪತಿಯೂ "ಮಾಲೊ!" ಎಂದರು. ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ.

"ಮೂರನೇ ಅಧ್ಯಾಯ, ಹತ್ತೊಂಬತ್ತು ಪುಟ! ತಂದವರು ಮೆಲೆ! ಈ ಮನೆಗೆ ಬರಲಾರದೆ ಮಣ್ಣಿಗೆ ಹೋದೋರು! ಹೆಸರು ದಪ್ಪಕ್ಷರದಲ್ಲಿ ಹಾಕಿ ಅಂದಿದ್ದೋರು!"

ಮೊಮ್ಮಗಳು ಎದ್ದಳು. ಈ ಸಲದ "ಮಾಲೊ"ಗೆ ಮಂಟಪದ ಕಂಬ ನಡುಗಿದವು. ಮೇರಿಯನ್ನಳ ನಗು ಮುಖದ ಮೇಲೆಯೇ ಒಣಗಿತು. ಕುರ್ಚಿಯ ಕೈ ಹಿಡಿದು ಏಳಹೊರಟಳು.

"ಬೆಕಿ, ಇಷ್ಟು ಸಾಕು..."

ಪಕ್ಕದಲ್ಲಿದ್ದ ಚರ್ಚಿನ ಹಿರಿಯ ಪೆನಿಯಮಿನಾ ಮೆಲ್ಲಗೆ ಅವಳ ಕಡೆ ವಾಲಿದ. ಬಿಳಿಗೂದಲಿನ ಆ ಮನುಷ್ಯನ ದನಿ ಮಾತ್ರ ಗುಡುಗಿನದು. "ಕೂತ್ಕೊಳಿ ತಾಯಿ. ಕೂಗು ಮುಗಿಯೋವರೆಗೂ ಏಳಬಾರದು. ರಾಜನೂ ತಡೀಬಾರದು. ನಿಮ್ಮ ಪುಸ್ತಕದಲ್ಲೇ ಬರ್ದಿದೀರಲ್ಲ, ಐದನೇ ಅಧ್ಯಾಯ."

ಹೊರದೇಶದ ವಿದ್ವಾಂಸನೊಬ್ಬ ಐದನೆಯ ಅಧ್ಯಾಯ ಹುಡುಕತೊಡಗಿದ. ಮೇರಿಯನ್ ಕೂತಳು.

"ಐದನೇ ಅಧ್ಯಾಯ ತಂದವಳು ನಾನು! ಅನುವಾದ ಪೂರ್ತಿ ತಂದವಳು ನಾನು! ನನ್ನ ಹೆಸರು ಲೆಪೆಕಾ! ಬೆಕಿ ಅಂತ ಈ ಮನೆಯಲ್ಲಿ ಯಾರೂ ಇಲ್ಲ!"

ಒಬ್ಬೊಬ್ಬರಾಗಿ ಹೆಂಗಸರು ಎದ್ದರು. ಕುಲಪತಿಯ ಬಾಯಿಂದ ಮಾಲೊ ಬರುವುದು ನಿಂತಿತ್ತು. ಹಿಂದಿನ ಸಾಲಿನ ವಿದ್ಯಾರ್ಥಿಗಳ ಬಾಯಿಂದ ಬರತೊಡಗಿತ್ತು. ಕೊನೆಗೆ ಆ ಹನ್ನೆರಡರಲ್ಲಿ ಕೂತವಳು ಒಬ್ಬಳೇ ಉಳಿದಳು. ಲೆಪೆಕಾ ಕೋಲನ್ನು ಬಿಗಿಯಾಗಿ ಹಿಡಿದು ಉಸಿರೆಳೆದುಕೊಂಡಳು.

"ಏಳನೇ ಅಧ್ಯಾಯ, ಹದಿನೇಳು ಪುಟ! ಕಳ್ಳಿ ಅನ್ನಿಸ್ಕೊಂಡವಳ ಕತೆ! ಏಪ್ರನ್ ಬಿಚ್ಚಿಸ್ಕೊಂಡವಳ ಕತೆ! ತಂದವರು ಸಫೊತುವಿನ ಅಕೆನೆಸೆ, ನನ್ನ ತಾಯಿ! ಅವರು ಕದ್ದಿರಲಿಲ್ಲ! ಆ ಗಡಿಯಾರ ಕಳಕೊಂಡವರು, ಹತ್ತು ದಿನ ಬಿಟ್ಟು ಕೈಗೆ ಕಟ್ಟಿಕೊಂಡವರು, ಇದೇ ಮನೆಯಲ್ಲಿ ನಾನು ಕಟ್ಟಿದ ಮಾಲೆ ಹಾಕ್ಕೊಂಡು ಕೂತಿದ್ದಾರೆ! ಅವರಿಂದ ಇವರಿಗೆ ಬಂದದ್ದು ಒಂದು ಡಬ್ಬಿ ಚಾಕೊಲೇಟ್, ಕಸದ ಬುಟ್ಟಿಯ ಪಕ್ಕ ಇಟ್ಟದ್ದು! ಅದನ್ನೂ ಕೂಗಿದ್ದೇನೆ! ಕೂಗು ಮುಗಿಯಿತು!"

ಅಕೆನೆಸೆ ಎದ್ದಳು. ಮೊಣಕಾಲು ಹಿಡಿದಿದ್ದರಿಂದ ನಿಧಾನವಾಯಿತು. ಅವಳು ಮೇರಿಯನ್ನಳನ್ನೇ ನೋಡುತ್ತ ನಿಂತಳು. ಮೇರಿಯನ್ ಮೊದಲು ಹಣೆ ಗಂಟಿಕ್ಕಿದಳು, ಆಮೇಲೆ ಅವಳ ಬಲಗೈ ತಾನಾಗಿ ಎಡ ಮಣಿಕಟ್ಟನ್ನು ಮುಚ್ಚಿಕೊಂಡಿತು. ಆಗ ಎಲ್ಲರಿಗೂ ಅರ್ಥವಾಯಿತು. ಆ ಕ್ಷಣಕ್ಕಾಗಿ ಹನ್ನೊಂದು ವರ್ಷ ಹೂ ಕಟ್ಟಿದ್ದೂ ಸಾರ್ಥಕ ಎನಿಸಿತು ಲೆಪೆಕಾಗೆ. ಹೊಟ್ಟೆ ತಣ್ಣಗಾಯಿತು. ಹಾಗೆ ಅನಿಸಬಾರದು ಎನ್ನುವವರು ಒಂದು ಸಲ ಏಪ್ರನ್ ಬಿಚ್ಚಿಸಿಕೊಂಡು ಬರಲಿ.

ಸೋಮವಾರ ಬಂತು. ಸಮಿತಿಯಲ್ಲಿ ಅಧ್ಯಕ್ಷೆ ಬದಲಾಗಿದ್ದರು, ಉತ್ತರ ಬದಲಾಗಿರಲಿಲ್ಲ. ಸಹೋದ್ಯೋಗಿಗಳ ಜೊತೆ ಹೊಂದಿಕೊಳ್ಳುವ ಗುಣದ ಕೊರತೆಯಂತೆ. ಈ ವರ್ಷದ ಕೆಲಸದ ಕಾಗದವೂ ಹೊಸದಾಗುವುದಿಲ್ಲವಂತೆ. ಮೇರಿಯನ್ ಆರೋಗ್ಯದ ರಜೆಯ ಮೇಲೆ ಹೋಗಿದ್ದಳು. ಮುಂದಿನ ಸೋಮವಾರ ಬರುತ್ತಾಳಂತೆ. ಪುಸ್ತಕ ಹಾಗೇ ಮಾರಾಟದಲ್ಲಿತ್ತು, ಒಂದೇ ಹೆಸರಿನಲ್ಲಿ.

"ಅಷ್ಟು ಕೂಗಿದ್ದು ಏನಾಯ್ತು ಚಿಕ್ಕಮ್ಮ? ಗಾಳಿಗೆ ಹೋಯ್ತು" ಎಂದಳು ಲೆಪೆಕಾ, ಬಾಗಿಲಲ್ಲೇ ನಿಂತು.

ತಿರೆಸಾ ಸೊಂಟದ ಬೀಗದ ಕೈಗಳ ಗೊಂಚಲನ್ನು ಬಿಚ್ಚಿ ಮೇಜಿನ ಮೇಲಿಟ್ಟಳು. ಝಣ್ ಎಂದಿತು. "ಆ ಕಟ್ಟಡದಲ್ಲಿ ನಾನು ತೆಗೆಯದ ಬಾಗಿಲು ಯಾವುದಿದೆ ಹೇಳು."

ಚರ್ಚಿನ ಯಂತ್ರದಲ್ಲಿ ಚೀಟಿಗಳು ಅಚ್ಚಾದವು. ಒಂದೊಂದರಲ್ಲೂ ಹೆಂಗಸರ ಹನ್ನೆರಡು ಅಧ್ಯಾಯ, ಹನ್ನೆರಡು ಹೆಸರು, ದಪ್ಪಕ್ಷರದಲ್ಲಿ, ಕೆಳಗೆ ಐದನೆಯ ಅಧ್ಯಾಯಕ್ಕೂ ಅನುವಾದಕ್ಕೂ ಲೆಪೆಕಾಳದು. ಆ ವಾರ ನೆಲ ಒರೆಸುವವರು ಒರೆಸುತ್ತ ಒರೆಸುತ್ತ, ಗ್ರಂಥಾಲಯದ ಪ್ರತಿ, ಪುಸ್ತಕದಂಗಡಿಯ ಪ್ರತಿ, ಗಾಜಿನ ಪೆಟ್ಟಿಗೆಯ ಪ್ರತಿ, ಡೀನನ ಕಪಾಟಿನ ಪ್ರತಿ, ಕುಲಪತಿಯ ಮೇಜಿನ ಮೇಲಿನ ಪ್ರತಿ, ಎಲ್ಲದರ ಮೊದಲ ಪುಟಕ್ಕೂ ಅಂಟು ಹಚ್ಚಿದರು. ಗುಡಿಸುವವರು ಕಣ್ಣಿಗೆ ಬೀಳಬಾರದು ಎಂದು ಕ್ರಮ ಮಾಡಿದವರು ಅವರೇ. ಯಾರೂ ನೋಡಲಿಲ್ಲ.

ಮೇರಿಯನ್ ಬರುವ ಸೋಮವಾರ ಉಳಿದದ್ದು ಮೂಲೆಯ ಕೋಣೆ ಮಾತ್ರ. ಬೆಳಗಾಗುವ ಮೊದಲು ತಿರೆಸಾಳನ್ನು ವ್ಯಾನಿನಲ್ಲಿ ಬಿಡಲು ಲೆಪೆಕಾ ಹೊರಟಾಗ, ಅಕೆನೆಸೆ ಚೀಲ ಹಿಡಿದು ಆಗಲೇ ವ್ಯಾನಿನಲ್ಲಿ ಕೂತಿದ್ದಳು. ಮೈಮೇಲೆ ಹಳೆಯ ನೀಲಿ ಏಪ್ರನ್. ದಾರ ಸಾಲದೆ ಹಿಂದೆ ಪಿನ್ನು ಹಾಕಿಕೊಂಡಿದ್ದಳು.

"ಅಮ್ಮಾ, ನೀನೆಲ್ಲಿಗೆ?"

"ಆ ಮಹಡಿ ನಂದು."

ಕೋಣೆಯೊಳಗೆ ತಿರೆಸಾ ಕಪಾಟಿನ ಪುಸ್ತಕಗಳಿಗೆ ಚೀಟಿ ಅಂಟಿಸಿದಳು. ಅಕೆನೆಸೆ ಚೀಲದಿಂದ ಒಂದು ಡಬ್ಬಿ ಚಾಕೊಲೇಟ್ ತೆಗೆದು, ಬಗ್ಗಿ, ಮೇಜಿನ ಕೆಳಗಿನ ಕಸದ ಬುಟ್ಟಿಯ ಪಕ್ಕ ಇಟ್ಟಳು. ಆಮೇಲೆ ತನ್ನ ಬೈಬಲ್ಲನ್ನು ತೆರೆದು, ಅದರೊಳಗಿಂದ ಹಳದಿ ತಿರುಗಿದ ಒಂದು ಚೀಟಿ ತೆಗೆದು ಡಬ್ಬಿಯ ಮೇಲೆ ನೇರ ಮಾಡಿದಳು. ಲೆಪೆಕಾ ಬಗ್ಗಿ ಓದಿದಳು. 'ತುಂಬಾ ಥ್ಯಾಂಕ್ಸ್.' ಮೇರಿಯನ್ನಳ ಕೈಬರಹ. ಹನ್ನೊಂದು ವರ್ಷದಿಂದ ಕಾಣುತ್ತಿದ್ದ ಕೈಬರಹ.

"ಮೂವತ್ತೈದು ವರ್ಷ ಇಟ್ಕೊಂಡಿದ್ಯಾ ಅಮ್ಮಾ? ಎಲ್ಲಾ ಮರೆತುಹೋಗಿದೆ ಅಂದೆ."

"ನೀನು ಕೂಗಿದೆ, ಸರಿ. ಬಂದದ್ದನ್ನ ವಾಪಸ್ ಕೊಡೋದು ಬೇಡ್ವಾ?"

ಅಷ್ಟು ಹೇಳಿ ಅಕೆನೆಸೆ ಸೊಂಟ ಹಿಡಿದು ಮೇಲೆದ್ದಳು. ಬುಟ್ಟಿಯಲ್ಲಿ ಮುದುಡಿದ ಕಾಗದ, ಬಾಳೆಹಣ್ಣಿನ ಸಿಪ್ಪೆ ತುಂಬಿ ಹೊರಚೆಲ್ಲಿತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸಕ್ಕೆ ಅವಳ ಕೈ ಅದರ ಅಂಚಿಗೆ ಹೋಯಿತು. ಒಂದು ಗಳಿಗೆ ಅದನ್ನು ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ ಕೈ ತೆಗೆದು, ಏಪ್ರನ್ನಿಗೆ ಒರೆಸಿಕೊಂಡು, ಬುಟ್ಟಿಯನ್ನು ತುಂಬಿದ ಹಾಗೇ ಬಿಟ್ಟು ಬಾಗಿಲೆಳೆದುಕೊಂಡಳು.